ಮುತ್ತತ್ತಿಯ ಮಡುವಿನಲ್ಲಿ ಆ ರಾತ್ರಿ

ಜನವರಿಯ ಚಳಿಗೆ ಹಿತ್ತಿಲಲ್ಲಿ ತೆಂಗಿನ ಗರಿ, ಮಟ್ಟೆ ಗುಡ್ಡೆ ಹಾಕಿ ಬೆಂಕಿ ಕಾಯಿಸುತ್ತ ಕೂತರೆ ನಮ್ಮ ಮನೆಯ ಮಕ್ಕಳು ನನ್ನ ಬಾಯಿಂದ ಹೊರಡಿಸುವ ಕಥೆ ಒಂದೇ, ಮಾವನ ಮೀನಿನದು. ವರ್ಷಾ ವರ್ಷಾ ಮೀನು ಒಂದಿಷ್ಟು ಬೆಳೆಯುತ್ತಿದೆ ಎಂದು ನನ್ನ ತಮ್ಮ ರೇಗಿಸುತ್ತಾನೆ. ರೇಗಿಸಲಿ. ಅವನೂ ಅಲ್ಲೇ ಇದ್ದವನು, ಆದರೆ ಮುಖ್ಯವಾದ ಹೊತ್ತಿನಲ್ಲಿ ಮರಳಿನ ಮೇಲೆ ಗೊರಕೆ ಹೊಡೆಯುತ್ತಿದ್ದ.

ಈ ಸಲ ಕಥೆ ಶುರುವಾಗಿದ್ದು ಟೋಕಿಯೋದಿಂದ. ತಮ್ಮನ ಮಗ ಫೋನಿನಲ್ಲಿ ಅಲ್ಲಿನ ಮೀನು ಮಾರುಕಟ್ಟೆಯ ಹೊಸ ವರ್ಷದ ಹರಾಜು ನೋಡುತ್ತ ಕೂತಿದ್ದ. ನೆಲದ ಮೇಲೆ ಸಾಲಾಗಿ ಮಲಗಿಸಿದ ಬ್ಲೂಫಿನ್ ಟ್ಯೂನಾಗಳು, ಒಂದೊಂದೂ ಒಂದು ಆಳಿಗಿಂತ ದಪ್ಪ. 2019ರ ಜನವರಿಯಲ್ಲಿ 278 ಕೆ.ಜಿ. ತೂಗುವ ಒಂದೇ ಒಂದು ಮೀನಿಗೆ 33 ಕೋಟಿ ಯೆನ್ ಮೇಲೆ ಕೊಟ್ಟಿದ್ದಾರೆ, ಆಗಿನ ನಮ್ಮ ದುಡ್ಡಿನಲ್ಲಿ 20 ಕೋಟಿ ರೂಪಾಯಿ ದಾಟುತ್ತಿತ್ತು. ಅದನ್ನು ಓದಿ ಹೇಳಿದವನೇ, "ನಿಮ್ಮ ಮಾವನ ಮೀನಿಗೆ ಎಷ್ಟು ಬರ್ತಿತ್ತು ಅತ್ತೆ?" ಅಂದ.

ಒಂದು ಕಾಸೂ ಬರ್ತಿರಲಿಲ್ಲ ಕಣೋ ಅಂದೆ. ಹಾಗೆ ಹೇಳಿದ ಮೇಲೆ ಕಥೆಯನ್ನು ಮೊದಲಿನಿಂದ ಹೇಳಲೇಬೇಕಾಯಿತು.

ನಮ್ಮ ಸೋದರಮಾವ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿದ್ದರು. ಅವರೇ ಜೋಡಿಸಿದ್ದೋ ಏನೋ, ಅವರ ಯೆಜ್ಡಿ ಬೈಕು ಬೀದಿಯ ಕೊನೆಗೆ ಬರುವಾಗಲೇ ಅಜ್ಜಿ ಒಳಗೆ ತಟ್ಟೆ ಹಾಕುತ್ತಿದ್ದರು. ಮಾವನಿಗೆ ಎರಡು ಹುಚ್ಚು. ಒಂದು ಯೆಜ್ಡಿ, ಇನ್ನೊಂದು ಗಾಳ. ವಿಚಿತ್ರ ಏನೆಂದರೆ ನಮ್ಮ ಮನೆಯಲ್ಲಿ ಯಾರೂ ಮೀನು ತಿನ್ನುವುದಿಲ್ಲ, ಮಾವನೂ ತಿನ್ನುತ್ತಿರಲಿಲ್ಲ. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ನೀರಿಗೇ ಬಿಟ್ಟು ಬರುತ್ತಿದ್ದರು. ಅಜ್ಜಿಗೆ ಇದು ಜೀವಮಾನವಿಡೀ ಅರ್ಥವಾಗಲಿಲ್ಲ. "ತಿನ್ನೋನಾದ್ರೆ ಹಿಡಿ, ಇಲ್ದಿದ್ರೆ ಅದರ ಪಾಡಿಗೆ ಅದನ್ನ ಬಿಡು. ಬಾಯಿಗೆ ಮುಳ್ಳು ಚುಚ್ಚಿ ಬಿಡೋದು ಯಾವ ಸೀಮೆ ಪುಣ್ಯನೋ?" ಎಂದು ಕೇಳುತ್ತಿದ್ದರು. ಮಾವನ ಬಳಿ ಅದಕ್ಕೆ ಉತ್ತರ ಇರಲಿಲ್ಲ. ನನ್ನ ಬಳಿಯೂ ಪೂರ್ತಿ ಇಲ್ಲ.

ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ ವರ್ಷ, 1991ರ ಏಪ್ರಿಲ್. ರಜ ಶುರುವಾದ ಮೇಲೆ ಮಾವ ನಮ್ಮಿಬ್ಬರನ್ನೂ ಕಾವೇರಿಗೆ ಕರೆದುಕೊಂಡು ಹೋಗುತ್ತೇನೆ ಅಂದರು. ವೀರಪ್ಪನ್ ಹೆಸರು ಕೇಳಿದರೆ ಬಾಗಿಲು ಹಾಕಿಕೊಳ್ಳುವ ಕಾಲ ಅದು. ಅಜ್ಜಿ ಒಂದು ದಿನ ಊಟ ಬಿಟ್ಟರು. ಮಾವ ಬೆಂಗಳೂರಿನ ಗಾಳದ ಗೆಳೆಯರೊಬ್ಬರ ಮೂಲಕ ಪರವಾನಗಿ ಮಾಡಿಸಿಟ್ಟಿದ್ದರು, ಅರಣ್ಯ ಇಲಾಖೆಯ ವಾಚರುಗಳು ಜೊತೆಗಿರುತ್ತಾರೆ ಎಂದು ಸುಳ್ಳು ಸೇರಿಸಿ ಅಜ್ಜಿಯನ್ನು ಒಪ್ಪಿಸಿದರು. ಟ್ಯಾಂಕಿನ ಮೇಲೆ ತಮ್ಮ, ಹಿಂದೆ ನಾನು, ನನ್ನ ಬೆನ್ನಿಗೆ ಗಾಳದ ಕೋಲುಗಳ ಉದ್ದನೆಯ ಕಟ್ಟು. ಮೈಸೂರು, ಬನ್ನೂರು, ಮಳವಳ್ಳಿ, ಹಲಗೂರು. ಅಲ್ಲಿಂದ ಕಾಡಿನ ಇಳಿಜಾರು ರಸ್ತೆಯಲ್ಲಿ ಮುತ್ತತ್ತಿ. ಬನ್ನೂರಿನಲ್ಲಿ ಇಡ್ಲಿ ತಿಂದದ್ದು ನೆನಪಿದೆ, ಹಲಗೂರಿನ ಮೇಲೆ ಬಿಸಿಲು ತಲೆ ಸೀಳಿದ್ದು ನೆನಪಿದೆ, ನಡುವಿನದು ಮರೆತಿದೆ.

ಮುತ್ತತ್ತಿಯಲ್ಲಿ ಆಂಜನೇಯನ ಗುಡಿಗೆ ಕೈಮುಗಿದೆವು. ಸೀತಮ್ಮನ ಮೂಗುತಿ ಹೊಳೆಗೆ ಬಿದ್ದಾಗ ಹನುಮಂತ ಬಾಲದಿಂದ ನೀರು ಕಲಕಿ ಮುತ್ತನ್ನು ಎತ್ತಿಕೊಟ್ಟ ಜಾಗ ಅದು, ಅದಕ್ಕೇ ಅಲ್ಲಿನ ದೇವರು ಮುತ್ತೆತ್ತಿರಾಯ. ಗುಡಿಯ ಮುಂದೆ ತೆಪ್ಪ ನಡೆಸುವ ತಾತ ಕಾಯುತ್ತಿದ್ದರು. ಅವರ ಹೆಸರು ಇಲ್ಲಿ ಬೇಡ. ಬೀಡಿ ಸೇದಿ ಕಪ್ಪಾದ ತುಟಿ, ಸೊಂಟಕ್ಕೆ ಒಂದು ಟವಲು, ಹೊಳೆಯನ್ನು ನೋಡುತ್ತಲೇ ಮಾತಾಡುವ ಅಭ್ಯಾಸ. ಒಂದು ಕಾಲದಲ್ಲಿ ತಾನೂ ಸಿಡಿಮದ್ದು ಎಸೆದು ಮೀನು ಹಿಡಿದವನೇ ಎಂದು ಆಮೇಲೆ ತಾವಾಗಿಯೇ ಹೇಳಿದರು. ಮದ್ದು ಸಿಡಿದರೆ ದೊಡ್ಡದು, ಚಿಕ್ಕದು, ಮೊಟ್ಟೆ, ಮರಿ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತವೆ, ಅರ್ಧ ಕೈಗೆ ಸಿಗುತ್ತದೆ, ಇನ್ನರ್ಧ ಹೊಳೆಯ ತಳದಲ್ಲಿ ಕೊಳೆಯುತ್ತದೆ. ಗಾಳ ಹಾಕುವವರು ಬರತೊಡಗಿದ ಮೇಲೆ ಅದರಲ್ಲೇ ಕೂಲಿ ಹುಟ್ಟಿತು, ಮದ್ದು ಬಿಟ್ಟೆ ಅಂದರು.

ಅಷ್ಟು ದೂರದಿಂದ ಜನ ಬರುತ್ತಿದ್ದದ್ದು ಯಾತಕ್ಕೆ ಎಂಬುದನ್ನು ಮಕ್ಕಳಿಗೆ ಇಲ್ಲಿ ಬಿಡಿಸಿ ಹೇಳಬೇಕಾಗುತ್ತದೆ. ಹೊಳೆ ದಂಡೆಯವರು ಬಿಳಿಮೀನು ಅನ್ನುತ್ತಾರೆ, ಪುಸ್ತಕದವರು ಮಹಶೀರ್ ಅನ್ನುತ್ತಾರೆ. ಗೆಂಡೆಮೀನಿನ ವಂಶ, ಆದರೆ ಅದರ ಗಾತ್ರವೇ ಬೇರೆ. ಎಪ್ಪತ್ತರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಮೂವರು ಯುವಕರು ಜಗತ್ತು ಸುತ್ತುತ್ತ ಬಂದು, ಸತ್ತೇಹೋಯಿತು ಎಂದುಕೊಂಡಿದ್ದ ಈ ಮೀನನ್ನು ಕಾವೇರಿಯಲ್ಲಿ ಹಿಡಿದು ತೋರಿಸಿದರು. ಆಮೇಲೆ ಭೀಮೇಶ್ವರಿಯಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್‌ನವರು ಗಾಳದವರಿಗಾಗಿ ಶಿಬಿರ ತೆರೆದರು. ಅಲ್ಲಿ ಉಳಿಯುವಷ್ಟು ದುಡ್ಡು ಮಾವನ ಹತ್ತಿರ ಇರಲಿಲ್ಲ. ನಾವು ಮರಳದಿಣ್ಣೆಯ ಮೇಲೆ ಹೊಳೆಮತ್ತಿ ಮರದ ಕೆಳಗೆ ಟಾರ್ಪಾಲು ಕಟ್ಟಿಕೊಂಡೆವು.

ಮಧ್ಯಾಹ್ನ ಇಡೀ ಹೋಗಿದ್ದು ರಾಗಿ ಹಿಟ್ಟಿನಲ್ಲಿ. ಗಾಳಕ್ಕೆ ಹಾಕುವ ಮೇವು ರಾಗಿ ಉಂಡೆ ಎಂದು ಕೇಳಿದಾಗ ತಮ್ಮ ಬಿದ್ದು ಬಿದ್ದು ನಕ್ಕ. ಹಿಟ್ಟನ್ನು ಬಿಗಿಯಾಗಿ ಕಲಸಿ, ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ, ಕುದಿಯುವ ನೀರಿನಲ್ಲಿ ಬೇಯಿಸಬೇಕು. ಮುದ್ದೆಗಿಂತ ಗಟ್ಟಿಯಾಗಿ, ಕಚ್ಚಿದರೆ ಹಲ್ಲಿಗೆ ಹಿಡಿಯುವ ಹಾಗೆ ಆಗಬೇಕು, ಇಲ್ಲದಿದ್ದರೆ ಹೊಳೆಯ ಸೆಳೆತಕ್ಕೆ ಕರಗಿಹೋಗುತ್ತದೆ, ಸಣ್ಣ ಮೀನುಗಳು ಕುಕ್ಕಿ ಮುಗಿಸುತ್ತವೆ. ತಾತ ಅದಕ್ಕೆ ಸೋಂಪು, ಇಂಗು ಸೇರಿಸಿದರು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಅಧ್ಯಾಯವೇ ಇದೆ. ಯಾವ ಮೀನು ಎಲ್ಲಿರುತ್ತದೆ, ಅದಕ್ಕೆ ಏನು ಮೇವು, ಗಾಳದ ದಾರ ಹೇಗಿರಬೇಕು ಎಂದೆಲ್ಲ ವಿವರಿಸುವ ಅಧ್ಯಾಯ. ನಮ್ಮ ದೊರೆಗಳಿಗೂ ಮಾವನ ಹುಚ್ಚು ಇತ್ತು ಅನ್ನುವುದಕ್ಕೆ ಹೇಳಿದೆ, ಅಷ್ಟೆ.

ಬಿಸಿಲು ಇಳಿಯುವ ಮೊದಲು ಮಾವ ಒಂದು ಮೀನು ಹಿಡಿದರು. ಹತ್ತು ಪೌಂಡಿನ ಆಸುಪಾಸು. ನನಗೆ ಅದೇ ದೊಡ್ಡದಾಗಿ ಕಂಡಿತು. ನೀಳವಾದ ಮೈ, ಬೆಳ್ಳಿ ಬಣ್ಣ, ರೆಕ್ಕೆಗಳಲ್ಲಿ ನೀಲಿ ಛಾಯೆ. ತಾತ ಅದನ್ನು ಒಮ್ಮೆ ನೋಡಿ, ಏನೂ ಹೇಳದೆ ಬೀಡಿ ಹಚ್ಚಿಕೊಂಡರು. ಮಾವ ತೂಗಿದರು, ನೋಟುಪುಸ್ತಕ ತೆಗೆದು ಬರೆದರು, ನೀರಿಗೆ ಬಿಟ್ಟರು.

ಕತ್ತಲಾದ ಮೇಲೆ ಮೂರು ಕಲ್ಲಿಟ್ಟು ಬೆಂಕಿ ಮಾಡಿಕೊಂಡೆವು. ಗಾಳದ ಕೋಲನ್ನು ಬಂಡೆಗೆ ಒರಗಿಸಿ, ನೈಲಾನ್ ದಾರವನ್ನು ತೋರುಬೆರಳಿನ ಮೇಲೆ ಹಾದುಹೋಗುವಂತೆ ಹಿಡಿದು ಮಾವ ಕಥೆ ಶುರು ಮಾಡಿದರು. ನಮ್ಮ ಮೈಸೂರಿನ ವ್ಯಾನ್ ಇಂಗೆನ್‌ನವರ ಕಥೆ. ಊರಿನಲ್ಲಿ ಅವರ ಹೆಸರು ಕೇಳದವರು ಆಗ ಇರಲಿಲ್ಲ. ದೊರೆಗಳು, ಮಹಾರಾಜರು ಹೊಡೆದ ಸಾವಿರಾರು ಹುಲಿ, ಚಿರತೆಗಳ ಚರ್ಮ ತುಂಬಿಸಿ, ಇನ್ನೇನು ಎಗರುತ್ತದೆ ಅನ್ನುವ ಹಾಗೆ ನಿಲ್ಲಿಸಿಕೊಡುತ್ತಿದ್ದ ಕಾರ್ಖಾನೆ ಅವರದು. ಮನೆತನ ಡಚ್ ಮೂಲದ್ದು. ಅಪ್ಪ ಮಕ್ಕಳಿಗೆ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರ ವಿರುದ್ಧ ಕಾದಿದ ಬೋಯರ್ ಸೇನಾನಿಗಳ ಹೆಸರಿಟ್ಟಿದ್ದ: ಡಿ ವೆಟ್, ಬೋಥಾ, ಜೂಬರ್ಟ್. ಇವರಲ್ಲಿ ಡಿ ವೆಟ್‌ಗೆ ಗಾಳದ ಗೀಳು. 1946ರ ಮಾರ್ಚ್‌ನಲ್ಲಿ ಆತ ಕಬಿನಿ ಹೊಳೆಯಲ್ಲಿ 120 ಪೌಂಡಿನ, ಅಂದರೆ 54 ಕೆ.ಜಿ.ಯ ಮಹಶೀರ್ ಹಿಡಿದ. ಅದಕ್ಕೂ ಮೊದಲು 1919ರಲ್ಲಿ ರಿವೆಟ್ ಕಾರ್ನಾಕ್ ಎಂಬ ಮೇಜರ್ ಕಾವೇರಿಯಲ್ಲಿ 119 ಪೌಂಡಿನದು ಹಿಡಿದಿದ್ದ. ಕಾಲು ಶತಮಾನಕ್ಕೂ ಮೇಲೆ ನಿಂತಿದ್ದ ಆ ದಾಖಲೆಯನ್ನು ಒಂದೇ ಪೌಂಡಿನಿಂದ ಮುರಿದವನು ನಮ್ಮೂರಿನವನು. ಗಾಳದಲ್ಲಿ ಸಿಕ್ಕಿ ದಾಖಲಾದ ಮಹಶೀರ್‌ಗಳಲ್ಲಿ ಅದಕ್ಕಿಂತ ದೊಡ್ಡದು ಇವತ್ತಿಗೂ ಇಲ್ಲ.

"ಆ ಮೀನು ಈಗ ಕಬಿನೀಲಿ ಸಿಗುತ್ತಾ ಮಾವ?" ಎಂದು ಕೇಳಿದೆ.

ಉತ್ತರ ಬಂದದ್ದು ತಾತನಿಂದ. "ಎಲ್ ಸಿಕ್ಕೀತು ಕಣವ್ವ. ಅಲ್ಲಿ ಕಟ್ಟೆ ಕಟ್ಟವ್ರಲ್ಲ. ಮುಂಗಾರ್ನಾಗೆ ಹೊಸ ನೀರ್ ಬಂದಾಗ ಇದು ಮ್ಯಾಕ್ ಹತ್ತಬೇಕು. ಕಲ್ಲು, ಗರಸು ಇರೋ ತಾವ, ತಿಳಿನೀರ್ನಾಗೆ ಮೊಟ್ಟೆ ಇಡಬೇಕು. ಗ್ವಾಡೆ ಅಡ್ಡ ಬಂದ್ರೆ ಎಲ್ಲಿಗ್ ಹೋದಾತು?"

1931ರ ಹೊತ್ತಿಗೆ ಕನ್ನಂಬಾಡಿ, 1934ರಲ್ಲಿ ಮೆಟ್ಟೂರು, 1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟೆ. ಅನ್ನ ಕೊಟ್ಟ ಕಟ್ಟೆಗಳನ್ನು ಬೈಯುವಷ್ಟು ದೊಡ್ಡವಳು ನಾನಲ್ಲ. ಕನ್ನಂಬಾಡಿಯ ನೀರು ಕುಡಿದೇ ಬೆಳೆದವಳು. ಆದರೂ ತಾತ ಹೇಳಿದ್ದು ಪುಸ್ತಕದಲ್ಲಿ ಓದಿದ್ದಕ್ಕಿಂತ ಚೆನ್ನಾಗಿ ತಲೆಗೆ ಹೋಯಿತು.

ತಮ್ಮ ಆಗಲೇ ನಿದ್ದೆಗೆ ಬಿದ್ದಿದ್ದ. ಎಲ್ಲೋ ನೀರುನಾಯಿಗಳು ಸಿಳ್ಳೆ ಹಾಕುತ್ತಿದ್ದವು. ಮಾತಿನ ಮಧ್ಯೆ ಮಾವ ಸುಮ್ಮನಾದರು. ನನಗೆ ಕಂಡದ್ದು ಇಷ್ಟೇ: ಬೆರಳಿನ ಮೇಲಿನ ದಾರ ಒಂದು ಸಲ ಮಿಡಿಯಿತು, ನಿಂತಿತು. ಮರುಕ್ಷಣವೇ ರೀಲು ಕಿರುಚಿಕೊಂಡಿತು, ಕೋಲು ಬಿಲ್ಲಾಗಿ ಬಾಗಿತು, ಮಾವ ಬಂಡೆಯ ಅಂಚಿನಲ್ಲಿ ಮೊಣಕಾಲೂರಿ ಕೂತುಬಿಟ್ಟರು. ಮಹಶೀರ್ ಮೊದಲ ಓಟದಲ್ಲಿ ತನ್ನ ಶಕ್ತಿಯನ್ನೆಲ್ಲ ಹಾಕುತ್ತದೆ ಅನ್ನುತ್ತಾರೆ. ಅದು ಮಡು ಬಿಟ್ಟು, ಕೆಳಗಿನ ಬಿರುನೀರಿಗೆ ಇಳಿದು, ಬಂಡೆಗಳ ನಡುವೆ ನುಗ್ಗಿತು. ರೀಲಿನಲ್ಲಿ ದಾರ ಖಾಲಿಯಾಗುತ್ತ ಬಂತು.

"ತೆಪ್ಪ!" ಎಂದು ಮಾವ ಕೂಗುವ ಮೊದಲೇ ತಾತ ತೆಪ್ಪವನ್ನು ನೀರಿಗೆ ತಳ್ಳಿದ್ದರು. ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ ಆ ಗುಂಡನೆಯ ದೋಣಿ ಸುಮ್ಮನೆ ಬಿಟ್ಟರೆ ಗಿರಗಿರ ತಿರುಗುತ್ತದೆ. ಒಂದೇ ಹುಟ್ಟಿನಲ್ಲಿ ಅದನ್ನು ನೆಟ್ಟಗೆ ಇಟ್ಟುಕೊಳ್ಳುವುದಕ್ಕೆ ಒಂದು ಆಯುಷ್ಯ ಬೇಕು. ಅವರಿಬ್ಬರೂ ಕತ್ತಲಲ್ಲಿ ಕರಗಿಹೋದರು. ನಾನು ಟಾರ್ಚು ಹಿಡಿದು ದಂಡೆಗುಂಟ ಓಡಿದೆ, ಬಂಡೆಯಿಂದ ಬಂಡೆಗೆ, ಎರಡು ಸಲ ಜಾರಿದೆ. ಮೊಸಳೆಯ ನೆನಪು ಬಂದದ್ದು ಮಾರನೆಯ ದಿನ.

ತುಂಬ ಹೊತ್ತಾದ ಮೇಲೆ ಕೆಳಗಿನ ತಿರುವಿನಲ್ಲಿ, ನೀರು ನಿಂತಂತೆ ಇದ್ದ ಒಂದು ಜಾಗದಲ್ಲಿ ಅವರು ಸಿಕ್ಕರು. ಮಾವ ಸೊಂಟದ ಮಟ್ಟ ನೀರಿನಲ್ಲಿ ನಿಂತಿದ್ದರು. ತಾತ ಎರಡೂ ತೋಳುಗಳಲ್ಲಿ ಏನನ್ನೋ ಅಪ್ಪಿಕೊಂಡಿದ್ದರು. "ಬೆಳಕ್ ಬುಡವ್ವ" ಅಂದರು.

ಬಿಟ್ಟೆ. ಮೊದಲು ಕಂಡದ್ದು ರೆಕ್ಕೆ. ಕಾವಿಯಲ್ಲಿ ಅದ್ದಿ ತೆಗೆದಂಥ ಕೆಂಪು ಕಿತ್ತಳೆ. ಆಮೇಲೆ ಬೆನ್ನು. ಕಣ್ಣಿನ ಹಿಂದಿನಿಂದಲೇ ಅದು ಏರತೊಡಗಿ, ಹಳ್ಳಿಕಾರ್ ಹೋರಿಯ ಹಿಣಿಲಿನ ಹಾಗೆ ಎದ್ದು ನಿಂತಿತ್ತು. ಸಂಜೆಯ ಮೀನಿಗೆ ಅಂಥದ್ದೇನೂ ಇರಲಿಲ್ಲ. ಮೈ ಮೇಲಿನ ಒಂದೊಂದು ಹುರುಪೆಯೂ ನನ್ನ ಅಂಗೈಯಷ್ಟು ಅಗಲ, ಅಂಚಿನಲ್ಲಿ ಹೊಂಬಣ್ಣ, ಬುಡದಲ್ಲಿ ಕಂದು. ಬಾಯಿಯ ಎರಡೂ ಕಡೆ ದಪ್ಪನೆಯ ಮೀಸೆ, ಕೆಳತುಟಿ ಜೋತುಬಿದ್ದಿತ್ತು. ಬೆರಳು ತುಟಿಗೆ ತಾಗಿಸಿದೆ. ಒಳಗೆ ಹಲ್ಲಿರಲಿಲ್ಲ. ಹಲ್ಲು ಗಂಟಲಲ್ಲಿದೆ, ಏಡಿಯ ಚಿಪ್ಪನ್ನೂ ಶಂಖದ ಹುಳವನ್ನೂ ಅಲ್ಲಿಯೇ ಪುಡಿ ಮಾಡುತ್ತದೆ ಎಂದು ಮಾವ ಗಾಳದ ಕೊಕ್ಕೆ ತೋರಿಸಿದರು. ಬೆರಳಿನಷ್ಟು ದಪ್ಪದ ಉಕ್ಕಿನ ಕೊಕ್ಕೆ ಅರೆ ಬಿಚ್ಚಿಕೊಂಡಿತ್ತು.

ಬೆರಳಿನಷ್ಟು ಅನ್ನುವುದು ಸ್ವಲ್ಪ ಹೆಚ್ಚಾಯಿತು. ಕಿರುಬೆರಳಿನ ಅರ್ಧ ಅನ್ನಿ.

ಬಟ್ಟೆಯ ಜೋಲಿಯಲ್ಲಿ ಮಲಗಿಸಿ ತಕ್ಕಡಿಗೆ ಹಾಕಿದರು. ಸ್ಪ್ರಿಂಗಿನ ಮುಳ್ಳು ಎಪ್ಪತ್ತು ಪೌಂಡು ದಾಟಿ ನಿಂತಿತು. ಮಾವ ಏನೂ ಮಾತಾಡಲಿಲ್ಲ. ತಾತ ಮಾತ್ರ ಅದರ ಬೆನ್ನಿನ ಮೇಲೆ ಕೈಯಾಡಿಸಿ ಹೇಳಿದ ಮಾತು ಹೀಗಿತ್ತು:

"ಇದು ನಮ್ಮ ಹೊಳೆದು ಕಣವ್ವ. ಸಂಜೆ ಹಿಡಿದ್ರಲ್ಲ, ಅದು ಬಂದಿದ್ದು. ಪ್ಲಾಸ್ಟಿಕ್ ಚೀಲದಾಗೆ ಮರಿ ತಂದು ಬುಟ್ರು, ನಾನೂ ಕೈಯಾರ ಬುಟ್ಟಿವ್ನಿ. ಆಗ ನೂರಕ್ ಒಂದು ಅದಿರದು, ಈಗ ಇದು."

ಮಾವ ನಂಬಲಿಲ್ಲ. ಎರಡೂ ಮಹಶೀರ್ರೇ, ವಯಸ್ಸಾದ ಮೇಲೆ ಬೆನ್ನು ಉಬ್ಬುತ್ತದೆ, ನೀರಿಗೆ ತಕ್ಕ ಹಾಗೆ ರೆಕ್ಕೆಯ ಬಣ್ಣ ಬದಲಾಗುತ್ತದೆ ಎಂದು ವಾದಿಸಿದರು. ಆ ಕಾಲದ ಓದಿದವರೆಲ್ಲರ ವಾದ ಅದೇ ಆಗಿತ್ತು. ತಾತ ವಾದಕ್ಕೆ ಇಳಿಯಲಿಲ್ಲ. "ಹುಟ್ಟಿದ್ ಮರಿಗೂ ಇರ್ತದೆ ಸ್ವಾಮಿ ಆ ಕೆಂಪು" ಅಂದರು, ಅಷ್ಟೇ. ಮೀನಿನ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಕಿವಿರು ಸಲೀಸಾಗಿ ಆಡುವ ತನಕ ಕಾದು, ಕೈ ಸಡಿಲಿಸಿದರು. ಅದು ಒಂದು ಸಲ ಬಾಲ ಬೀಸಿ, ನನ್ನ ಮುಖಕ್ಕೆಲ್ಲ ನೀರು ಚೆಲ್ಲಿ ಹೋಯಿತು.

ಬೆಂಕಿಯ ಹತ್ತಿರ ಬಂದು ಕೂತಾಗ ಮಾವ ನೋಟುಪುಸ್ತಕ ತೆಗೆದರು. ತಾರೀಖು, ಜಾಗ, ತೂಕ, ಮೇವು ಎಂದು ಗೆರೆ ಎಳೆದ ಪುಸ್ತಕ. ಕಾರ್ಖಾನೆಯ ಲೆಕ್ಕದ ಶಿಸ್ತು. ನಂಬದೆ ಇದ್ದರೂ ಅವರು ಆ ರಾತ್ರಿ ಇನ್ನೊಂದು ಗೆರೆ ಎಳೆದು, ಮೇಲೆ 'ರೆಕ್ಕೆ' ಎಂದು ಬರೆದು, ಕೆಳಗೆ 'ಕೆಂಪು' ಎಂದು ಬರೆದರು. ಸಂಜೆಯ ಮೀನಿನ ಸಾಲಿಗೆ ಹಿಂದೆ ಹೋಗಿ 'ನೀಲಿ' ಸೇರಿಸಿದರು.

ಇಷ್ಟು ಹೇಳಿದರೆ ಮಕ್ಕಳಿಗೆ ಕಥೆ ಮುಗಿಯಿತು. ನನಗೆ ಮುಗಿಯುವುದಿಲ್ಲ. ತಾತ ಹೇಳಿದ್ದು ಸರಿ ಎಂದು ತಿಳಿಯಲು ಇಪ್ಪತ್ತೇಳು ವರ್ಷ ಬೇಕಾಯಿತು.

ಎಪ್ಪತ್ತರ ದಶಕದಿಂದ ಮಹಾರಾಷ್ಟ್ರದ ಲೋನಾವಳಾದಲ್ಲಿ ಟಾಟಾ ವಿದ್ಯುತ್ ಕಂಪನಿಯವರು ತಮ್ಮ ಕೆರೆಗಳ ದಡದಲ್ಲಿ ಮಹಶೀರ್ ಮರಿ ಮಾಡಿಸುತ್ತಿದ್ದರು. ಒಳ್ಳೆಯ ಕೆಲಸವೇ. ಅದು ಕೃಷ್ಣೆಯ ಉಪನದಿಗಳಿಗೆ ಸೇರಿದ, ನೀಲಿ ರೆಕ್ಕೆಯ ಮಹಶೀರ್. ಮಹಶೀರ್ ಕಡಿಮೆಯಾಗುತ್ತಿದೆ ಎಂದು ಎಲ್ಲರಿಗೂ ಆತಂಕ ಇದ್ದದ್ದರಿಂದ ಆ ಮರಿಗಳನ್ನು ದೇಶದ ಬೇರೆ ಬೇರೆ ಹೊಳೆಗಳಿಗೆ ಬಿಟ್ಟರು, ಕಾವೇರಿಗೂ ಬಿಟ್ಟರು. ಹೊಸ ಮೀನು ನಮ್ಮ ಹೊಳೆಗೆ ಹೊಂದಿಕೊಂಡಿತು, ಹೆಚ್ಚಿತು. ಗಾಳಕ್ಕೆ ಮಹಶೀರ್ ಮೊದಲಿಗಿಂತ ಜಾಸ್ತಿ ಬೀಳತೊಡಗಿತು. ಸಂರಕ್ಷಣೆ ಗೆದ್ದಿತು ಎಂದು ಎಲ್ಲರಿಗೂ ಸಮಾಧಾನ. ಆ ಸಮಾಧಾನದ ಮರೆಯಲ್ಲಿ ಕೆಂಪು ರೆಕ್ಕೆಯದು ಜಾಗ ಖಾಲಿ ಮಾಡುತ್ತಿತ್ತು. ಯಾರೂ ಎರಡನ್ನೂ ಬೇರೆ ಬೇರೆ ಎಣಿಸಿರಲಿಲ್ಲ.

ಎಣಿಸಿದವರು ಗಾಳದವರು. ಕಾವೇರಿ ದಂಡೆಯ ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರ ತನಕ ಹಿಡಿದು ಬಿಟ್ಟ ಪ್ರತಿ ಮೀನನ್ನೂ, ಎಷ್ಟು ಗಂಟೆ ಗಾಳ ಹಾಕಿದರೆಂಬುದನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ಲೆಕ್ಕ. ಇಂಗ್ಲೆಂಡಿನ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮತ್ತು ಜೊತೆಯವರು ಅದನ್ನು ಕೂತು ಬಿಡಿಸಿದಾಗ, 2015ರಲ್ಲಿ ವಿಷಯ ಹೊರಬಿತ್ತು: ಒಟ್ಟು ಸಂಖ್ಯೆ ಏರುತ್ತಿದೆ, ಬೆನ್ನು ಉಬ್ಬಿದ ಮೂಲದ ಮೀನು ಇಳಿಯುತ್ತಿದೆ. ವಿಜ್ಞಾನಿಗಳಿಗೆ ಅಷ್ಟು ಉದ್ದದ ಲೆಕ್ಕ ಬೇರೆಲ್ಲೂ ಇರಲಿಲ್ಲ. ಅಜ್ಜಿ ಕೇಳುತ್ತಿದ್ದ ಪ್ರಶ್ನೆಗೆ ಇದು ಅರ್ಧ ಉತ್ತರ ಎಂದು ನನಗೆ ಅನ್ನಿಸುತ್ತದೆ, ಬಾಯಿಗೆ ಚುಚ್ಚಿಸಿಕೊಂಡ ಮೀನು ಒಪ್ಪೀತೋ ಇಲ್ಲವೋ.

ಇನ್ನೂ ದೊಡ್ಡ ತಮಾಷೆ, ಈ ಮೀನಿಗೆ ಅಲ್ಲಿಯ ತನಕ ಪಕ್ಕಾ ಶಾಸ್ತ್ರೀಯ ಹೆಸರೇ ಇರಲಿಲ್ಲ. ನೂರೈವತ್ತು ವರ್ಷ ಜಗತ್ತಿನ ಗಾಳದವರೆಲ್ಲ ಅದರ ಹಿಂದೆ ಬಿದ್ದಿದ್ದರು, ಪಟ ತೆಗೆಸಿಕೊಂಡಿದ್ದರು, ತಲೆಯನ್ನು ಗೋಡೆಗೆ ನೇತುಹಾಕಿದ್ದರು. ಅದು ಯಾವ ಜಾತಿ ಎಂದು ತೀರ್ಮಾನವಾದದ್ದು 2018ರಲ್ಲಿ. ಕೇರಳದ ಚಿನ್ನಾರ್ ಕಾಡಿನಲ್ಲಿ ಹರಿಯುವ ಪಾಂಬಾರ್ ಕಾವೇರಿಯ ಕೂಸೇ. ಅಲ್ಲಿ ಸಿಕ್ಕ ಪುಟ್ಟ ಮರಿಮೀನುಗಳಿಗೆ ಕೆಲವೇ ವರ್ಷಗಳ ಹಿಂದೆ ರೆಮಾದೇವಿ ಎಂಬ ಮತ್ಸ್ಯವಿಜ್ಞಾನಿಯ ಗೌರವಾರ್ಥ 'ಟಾರ್ ರೆಮಾದೇವಿ' ಎಂದು ಹೆಸರಿಟ್ಟಿದ್ದರು. ಡಿಎನ್‌ಎ ಹೋಲಿಸಿ ನೋಡಿದರೆ ಆ ಮರಿಗಳೂ ಕಾವೇರಿಯ ದೈತ್ಯನೂ ಒಂದೇ ಜಾತಿ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲದ ಜಾತಿ. ಅದೇ 2018ರಲ್ಲಿ ಐಯುಸಿಎನ್ ಸಂಸ್ಥೆ ಇದನ್ನು ಅಳಿವಿನ ಅತಿ ತೀವ್ರ ಅಪಾಯದ ಪಟ್ಟಿಗೆ ಸೇರಿಸಿತು, ನೀಲಿ ರೆಕ್ಕೆಯದಕ್ಕೆ ಸದ್ಯ ಚಿಂತೆ ಇಲ್ಲ ಎಂದು ಅದನ್ನು ಅಪಾಯದ ಪಟ್ಟಿಯಿಂದ ಕೆಳಗಿಳಿಸಿತು.

"ಹಾಗಾದ್ರೆ ಟ್ಯೂನಾ ಕಥೆ ಏನು?" ಎಂದು ಹುಡುಗ ಬಿಡಲಿಲ್ಲ.

ಟ್ಯೂನಾದ ಕಥೆ ಬೇರೆ ದಿಕ್ಕಿಗೆ ಹೋಯಿತು. ಟೋಕಿಯೋದ ಆ ಮೀನಿನ ದಾಯಾದಿ ಅಟ್ಲಾಂಟಿಕ್ ಬ್ಲೂಫಿನ್, ಮೀನಾದರೂ ಬೆಚ್ಚಗಿನ ಮೈಯದು, ಸ್ನಾಯುಗಳ ಶಾಖವನ್ನು ರಕ್ತನಾಳಗಳ ಒಂದು ಜಾಲದಲ್ಲಿ ಹಿಡಿದಿಟ್ಟುಕೊಂಡು ತಣ್ಣನೆಯ ಕಡಲಲ್ಲೂ ಬಾಣದಂತೆ ಓಡುತ್ತದೆ. ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಸಾಗರ ದಾಟುತ್ತದೆ, ಮೊಟ್ಟೆಯಿಡಲು ಮಾತ್ರ ಮೆಡಿಟರೇನಿಯನ್‌ಗೋ ಮೆಕ್ಸಿಕೋ ಕೊಲ್ಲಿಗೋ ಹಿಂದಿರುಗುತ್ತದೆ. ಸುಶಿಯ ರುಚಿಗೆ ಬಿದ್ದ ಜಗತ್ತು ಅದನ್ನು ಬಳಿದು ಬರಿದು ಮಾಡಿತು. 2010ರಲ್ಲಿ ದೋಹಾದ ಸಭೆಯಲ್ಲಿ ಮೊನಾಕೋ ದೇಶ ಅದರ ಅಂತಾರಾಷ್ಟ್ರೀಯ ವ್ಯಾಪಾರವನ್ನೇ ನಿಲ್ಲಿಸಿ ಎಂದು ಕೇಳಿತು, ಮತದಲ್ಲಿ ಸೋತಿತು. ಆದರೆ ಟ್ಯೂನಾ ಹಿಡಿಯುವ ದೇಶಗಳ ಆಯೋಗ ಅಷ್ಟರಲ್ಲಿ ಹೆದರಿ, ಯಾರು ಎಷ್ಟು ಹಿಡಿಯಬೇಕು ಎಂದು ಕೈ ಬಿಗಿಮಾಡಿತು. ದೋಣಿ ದೋಣಿಗೂ ಕಾಗದ, ಮೀನು ಮೀನಿಗೂ ಲೆಕ್ಕ. 2021ರಲ್ಲಿ ಐಯುಸಿಎನ್ ಅದನ್ನು ಅಪಾಯದ ಪಟ್ಟಿಯಿಂದ ಇಳಿಸಿತು. ಅಮೆರಿಕದ ಕಡೆಯ ಸಂತತಿ ಆಗಿನ್ನೂ ಬಡವಾಗಿಯೇ ಇತ್ತು, ಅದು ಬೇರೆ ಮಾತು.

ಕೋಟಿ ಬೆಲೆಯ ಮೀನನ್ನು ಎಣಿಸಲು ದೇಶ ದೇಶಗಳೇ ಸಾಲು ನಿಂತವು. ನಮ್ಮದಕ್ಕೆ ಬೆಲೆ ಇರಲಿಲ್ಲ. ಅದನ್ನು ಎಣಿಸುತ್ತಿದ್ದವರು ಹುಚ್ಚಿಗೆ ಬಿದ್ದ ಒಂದಷ್ಟು ಜನ.

ಆ ಎಣಿಕೆಯೂ 2012ಕ್ಕೆ ನಿಂತಿತು. ಮುತ್ತತ್ತಿಯಿಂದ ಗಾಳಿಬೋರೆಯ ಕಡೆಯ ಹೊಳೆಯೆಲ್ಲ 1987ರಲ್ಲಿ ಘೋಷಿಸಿದ ಕಾವೇರಿ ವನ್ಯಧಾಮದ ಒಳಗಿದೆ. ವನ್ಯಜೀವಿ ಕಾಯ್ದೆಯ ಪ್ರಕಾರ ಅಭಯಾರಣ್ಯದಲ್ಲಿ ಗಾಳ ಹಾಕುವುದೂ ಬೇಟೆಯೇ ಎಂದು ತೀರ್ಮಾನವಾಗಿ, ಹಿಡಿದು ಬಿಡುವ ಆಟಕ್ಕೂ ಬಾಗಿಲು ಮುಚ್ಚಿತು. ಹುಲಿ, ಜಿಂಕೆಗೆ ಒಂದು ನ್ಯಾಯ, ಮೀನಿಗೆ ಇನ್ನೊಂದು ಯಾಕೆ ಎಂಬುದು ಕಾನೂನಿನ ಕಡೆಯವರ ಮಾತು, ಅದರಲ್ಲಿ ತಪ್ಪು ಹುಡುಕಲಾರೆ. ಗಾಳದವರು ಹೇಳುವುದು, ಶಿಬಿರದ ಜನ ಹೊಳೆ ಬಿಟ್ಟ ಮೇಲೆ ಮದ್ದಿನವರಿಗೆ ತಡೆಯೇ ಇಲ್ಲ ಎಂದು. ನನ್ನನ್ನು ಕೇಳಿದರೆ ಗಾಳ ನಿಲ್ಲಿಸಿದ್ದಕ್ಕೆ ಬೇಜಾರಿಲ್ಲ, ಬರೆಯುವುದನ್ನು ನಿಲ್ಲಿಸಿದ್ದಕ್ಕೆ ಬೇಜಾರು. ಗಾಳವಿಲ್ಲದೆಯೂ ಎಣಿಸುವ ಮಾರ್ಗ ಕಂಡುಕೊಂಡು, ದಂಡೆಯ ಹುಡುಗರಿಗೇ ಆ ಕೂಲಿ ಕೊಡಬಹುದಿತ್ತು. ನೀರಿನ ಪಕ್ಕದಲ್ಲಿ ಪುಸ್ತಕ ಹಿಡಿದು ಕೂರುವ ಒಬ್ಬ ಮನುಷ್ಯ ಹತ್ತು ಎಚ್ಚರಿಕೆ ಫಲಕಗಳಿಗೆ ಸಮ.

ಕೆಂಪು ರೆಕ್ಕೆಯದು ಪೂರ್ತಿ ಹೋಗಿಲ್ಲ. ನೀಲಗಿರಿಯಿಂದ ಇಳಿದು, ಬಂಡೀಪುರ ಮುದುಮಲೆಗಳ ಬದಿಯಲ್ಲಿ ಹರಿಯುವ ಮೋಯಾರಿನಲ್ಲಿ ಇನ್ನೂ ಸಂತತಿ ಇದೆ. ಅಲ್ಲಿ ಹುಲಿಕಾಡು ಅದನ್ನು ಕಾಯುತ್ತಿದೆ. ರಾಮನಾಥಪುರದಲ್ಲಿ, ಶಿಶಿಲದಲ್ಲಿ, ಶೃಂಗೇರಿಯಲ್ಲಿ ದೇವರ ಮೀನು ಎಂದು ಪುರಿ ಹಾಕಿ ಬರುತ್ತೇವಲ್ಲ, ಆ ಗುಡಿಗಳ ಮುಂದೆ ಮಹಶೀರ್‌ಗಳು ಹಿಂಡುಗಟ್ಟಿ ಬರುತ್ತವೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿದ್ದೇನೆ. ಅವರು ರೆಕ್ಕೆಯ ಬಣ್ಣ ನೋಡುತ್ತಾರೆ. ಅದೊಂದು ಅಭ್ಯಾಸವನ್ನು ಹತ್ತಿಸಿದ್ದೇನೆ.

ಮಾವ ತೀರಿಕೊಂಡ ಮೇಲೆ ನೋಟುಪುಸ್ತಕ ನನ್ನ ಬೀರುವಿಗೆ ಬಂತು. ಅವತ್ತು ಹುಡುಗ ಅದನ್ನು ತರಿಸಿ, ಬೆಂಕಿಯ ಬೆಳಕು ಸಾಲದೆ ಫೋನಿನ ಟಾರ್ಚು ಹಾಕಿ ಓದಿದ. 1991ರ ನಂತರದ ಪುಟಗಳಲ್ಲಿ ಕೆಂಪು ಆಗೊಮ್ಮೆ ಈಗೊಮ್ಮೆ, ಆಮೇಲೆ ವರ್ಷಕ್ಕೊಂದು, ಆಮೇಲೆ ಬರೀ ನೀಲಿ. ಮಾವ ಕೊನೆಯ ತನಕ ತಾತನ ಮಾತನ್ನು ಒಪ್ಪಿಕೊಂಡೆ ಎಂದು ಎಲ್ಲೂ ಬರೆದಿಲ್ಲ, ಆದರೆ ಕಾಲಂ ಒಂದನ್ನೂ ಖಾಲಿ ಬಿಟ್ಟಿಲ್ಲ.

"ಇದನ್ನ ಯಾರಿಗಾದ್ರೂ ಕಳಿಸಿದ್ದೀರಾ?" ಅಂದ.

ಇಲ್ಲ ಅಂದೆ. ಕೊಚ್ಚಿಯ ಮೀನುಗಾರಿಕೆ ವಿಶ್ವವಿದ್ಯಾಲಯದಲ್ಲಿ ಈ ಮೀನಿನ ಮೇಲೆ ಕೆಲಸ ಮಾಡುವವರಿದ್ದಾರೆ ಎಂದು ಹೇಳಿದೆ. ಒಂದೊಂದೇ ಪುಟ ತಿರುಗಿಸಿ ಫೋಟೋ ಹೊಡೆಯುತ್ತ ಹೋದ. ಎಪ್ಪತ್ತು ಪೌಂಡು ದಾಟಿದ ಆ ಮೀನಿನ ಪುಟದ ಅಂಚಿನಲ್ಲಿ ಮಾವ ಪೆನ್ಸಿಲ್ಲಿನಲ್ಲಿ ಪೆಟ್ರೋಲು, ರಾಗಿ ಹಿಟ್ಟು, ಬನ್ನೂರಿನ ಇಡ್ಲಿ, ತೆಪ್ಪದ ಕೂಲಿ ಎಂದು ಲೆಕ್ಕ ಬರೆದಿದ್ದರು. ಅದನ್ನು ಬಿಟ್ಟು ತೆಗೆಯೋ, ಮೀನಿಗೂ ಇಡ್ಲಿಗೂ ಏನು ಸಂಬಂಧ ಅಂದಿದ್ದಕ್ಕೆ, "ಇರಲಿ ಅತ್ತೆ, ಅವರಿಗೆ ಏನು ಬೇಕಾಗುತ್ತೋ ಯಾರಿಗ್ ಗೊತ್ತು" ಎಂದು ಇಡೀ ಪುಟವನ್ನೇ ಹಿಡಿದ.